ಮನಸ್ಸಿನಲ್ಲಿರುವುದು ಬಾಯಿಗೆ ಬರಲು ಏನು ಮಾಡಿದಿರಿ?

ಕೇಳಿದವರು: ಬರೆಯಲು ಕೂತರೆ ನನ್ನ ವಿಚಾರ ಸ್ಪಷ್ಟವಾಗಿರುತ್ತದೆ. ನಾಲ್ಕು ಜನರ ನಡುವೆ ಮಾತಾಡುವಾಗ ಮಾತ್ರ ಪದ ಸಿಗುವುದಿಲ್ಲ, ವಾಕ್ಯ ಅರ್ಧಕ್ಕೇ ನಿಲ್ಲುತ್ತದೆ. ಭಾಷಣ ಮಾಡುವ ಆಸೆಯೇನಿಲ್ಲ. ದಿನದ ಮಾತುಕತೆಯಲ್ಲಿ ಹೇಳಬೇಕಾದ್ದನ್ನು ನೆಟ್ಟಗೆ ಹೇಳಲು ಬಂದರೆ ಸಾಕು. ಏನು ಮಾಡಿದ್ದರಿಂದ ನಿಮಗೆ ಸುಧಾರಿಸಿತು?

ಉತ್ತರ: ದಯವಿಟ್ಟು ಪದಗಳ ಪಟ್ಟಿ ಬಾಯಿಪಾಠ ಮಾಡಲು ಹೋಗಬೇಡಿ. ಬರೆಯುವಾಗ ಸಿಗುವ ಪದ ನಿಮಗೆ ಗೊತ್ತಿರುವುದೇ ಅಲ್ವಾ? ಮಾತಿನಲ್ಲಿ ಸಮಯ ಸಾಲುವುದಿಲ್ಲ, ಅಷ್ಟೇ. 2009ರಲ್ಲಿ ಬಂದ ಒಂದು ಅಧ್ಯಯನದಲ್ಲಿ ಹತ್ತು ಭಾಷೆಗಳ ಮಾತುಕತೆ ಅಳೆದು ನೋಡಿದ್ದರು. ಪ್ರಶ್ನೆ ಮುಗಿದು ಉತ್ತರ ಶುರುವಾಗುವ ನಡುವಿನ ಬಿಡುವು ಸರಾಸರಿ 200 ಮಿಲಿಸೆಕೆಂಡಿನ ಆಸುಪಾಸು. ಒಂದು ಚಿತ್ರ ನೋಡಿ ಅದರ ಹೆಸರು ಹೇಳುವುದಕ್ಕೇ ಸುಮಾರು 600 ಮಿಲಿಸೆಕೆಂಡು ಬೇಕು! ಅಂದರೆ ಎಲ್ಲರೂ ಕೇಳುತ್ತಲೇ ತಮ್ಮ ಉತ್ತರ ಹೊಂದಿಸಿಕೊಳ್ಳುತ್ತಿರುತ್ತಾರೆ. ಹಾಗಾಗಿ ಬಾಯಿಗೆ ಅಭ್ಯಾಸ ಬೇಕು. ಓದಿ, ಕೇಳಿ ಬರುವುದಲ್ಲ ಇದು.

ನನಗೆ ಎಲ್ಲಕ್ಕಿಂತ ಜಾಸ್ತಿ ಉಪಯೋಗವಾಗಿದ್ದು ಭಾಷೆ ಕಲಿಸುವವರು ಮಾಡಿಸುವ 4/3/2 ಅಭ್ಯಾಸ. ಒಂದೇ ವಿಷಯವನ್ನು ಮೊದಲು ನಾಲ್ಕು ನಿಮಿಷ ಹೇಳಬೇಕು, ಆಮೇಲೆ ಬೇರೊಬ್ಬರಿಗೆ ಮೂರು ನಿಮಿಷದಲ್ಲಿ, ಕೊನೆಗೆ ಮತ್ತೊಬ್ಬರಿಗೆ ಎರಡು ನಿಮಿಷದಲ್ಲಿ. ಕೇಳುವವರು ಸಿಗದಿದ್ದರೆ ಫೋನಿನಲ್ಲಿ ರೆಕಾರ್ಡ್ ಮಾಡಿ. ಇವತ್ತು ಓದಿದ ಸುದ್ದಿ, ನೋಡಿದ ಜಗಳ, ಏನಾದರೂ ಸರಿ. ಎರಡನೇ ಸಲ ಹೇಳುವಾಗಲೇ ಪದಗಳು ಸಿದ್ಧವಾಗಿರುತ್ತವೆ, ಬೇಡದ್ದು ತಾನಾಗಿ ಉದುರುತ್ತದೆ. ಮನಸ್ಸಿನಲ್ಲೇ ಹೇಳಿಕೊಂಡರೆ ಪ್ರಯೋಜನವಿಲ್ಲ, ಗಟ್ಟಿಯಾಗಿಯೇ ಹೇಳಿ.

ಇನ್ನೊಬ್ಬರು: ಮೇಲಿನದು ಸರಿ. ಅದರ ಜೊತೆಗೆ ಮುಖ್ಯ ಮಾತು ಮೊದಲು ಹೇಳುವುದನ್ನು ರೂಢಿ ಮಾಡಿಕೊಳ್ಳಿ. "ನಿನ್ನೆ ರಾತ್ರಿಯಿಂದ ಮಗುವಿಗೆ ಜ್ವರ ಬಂದು, ಡಾಕ್ಟರ್ ಹತ್ರ ಹೋಗಿ, ಅವರು ಮತ್ತೆ ನಾಳೆ ಬನ್ನಿ ಅಂದಿದ್ದಕ್ಕೆ..." ಅಂತ ಶುರು ಮಾಡಿದರೆ ಎಳೆ ತಪ್ಪುತ್ತದೆ. ಕನ್ನಡದಲ್ಲಿ ಕ್ರಿಯಾಪದ ಕೊನೆಗೆ ಬರುವುದರಿಂದ ಆಗುತ್ತೋ ಇಲ್ಲವೋ ಅನ್ನುವುದು ಅಲ್ಲಿಯವರೆಗೂ ತಿಳಿಯುವುದಿಲ್ಲ. "ನಾಳೆ ಬರಕ್ಕಾಗಲ್ಲ. ಮಗುವಿಗೆ ಜ್ವರ." ಇಷ್ಟು ಹೇಳಿ. ಉಳಿದದ್ದನ್ನು ಅವರೇ ಕೇಳುತ್ತಾರೆ.

ಮತ್ತೊಬ್ಬರು: ಪದ ನಾಲಿಗೆ ತುದಿಯಲ್ಲಿ ಸಿಕ್ಕಿಕೊಂಡರೆ ಅದಕ್ಕಾಗಿ ನಿಲ್ಲಬೇಡಿ. ಅದು ಏನು ಕೆಲಸ ಮಾಡುತ್ತದೆ, ಹೇಗಿರುತ್ತದೆ ಅಂತ ಹೇಳಿ ಮುಂದೆ ಹೋಗಿ. ಎಷ್ಟೋ ಸಲ ಎದುರಿನವರೇ ಪದ ಕೊಡುತ್ತಾರೆ.

"ಆ... ಅಂ..." ಅನ್ನುವುದನ್ನು ಪೂರ್ತಿ ಬಿಡಬೇಕು ಎನ್ನುವವರ ಮಾತು ನನಗೆ ಒಪ್ಪಿಗೆಯಿಲ್ಲ. ಮಾತು ಇನ್ನೂ ಮುಗಿದಿಲ್ಲ ಅಂತ ತಿಳಿಸುವ ಕೆಲಸ ಅದು ಮಾಡುತ್ತದೆ. ಪ್ರತಿ ಮಾತಿಗೂ ಬಂದರೆ ಮಾತ್ರ ಕಡಿಮೆ ಮಾಡಿ. ಟೋಸ್ಟ್‌ಮಾಸ್ಟರ್ಸ್ (ಭಾಷಣ ಅಭ್ಯಾಸ ಮಾಡುವವರ ಕ್ಲಬ್) ಸಭೆಗಳಲ್ಲಿ ಇದನ್ನು ಎಣಿಸಲೆಂದೇ ಒಬ್ಬರಿರುತ್ತಾರೆ. ಭಾಷಣ ಬೇಡ ಎಂದಿರಿ, ಆದರೂ ಅಲ್ಲಿನ ಟೇಬಲ್ ಟಾಪಿಕ್ಸ್ ಒಮ್ಮೆ ನೋಡಿ. ಮುಂಚೆ ತಿಳಿಸದೆ ಒಂದು ಪ್ರಶ್ನೆ ಕೊಡುತ್ತಾರೆ, ಒಂದೆರಡು ನಿಮಿಷ ಮಾತಾಡಬೇಕು. ದಿನದ ಮಾತೂ ಹಾಗೇ ತಾನೇ ಬರುವುದು?

ಕೇಳಿದವರು: ತುಂಬಾ ಉಪಕಾರವಾಯಿತು. ಆದರೆ ನಾನು ಯೋಚಿಸಲು ನಿಂತ ಕೂಡಲೇ ಬೇರೆಯವರು ಬಾಯಿ ಹಾಕುತ್ತಾರೆ. ಅದಕ್ಕೇನು ಮಾಡಲಿ?

ಉತ್ತರ: ಅದು ಎಲ್ಲಿ ನಿಲ್ಲಿಸುತ್ತೀರಿ ಅನ್ನುವುದರ ಮೇಲಿದೆ. ವಾಕ್ಯ ಮುಗಿಸಿ ಸುಮ್ಮನಾದರೆ ಸರದಿ ಬಿಟ್ಟುಕೊಟ್ಟ ಹಾಗೆ. "ಯಾಕಂದ್ರೆ", "ಆದ್ರೆ" ಅಂದು ಆಮೇಲೆ ನಿಲ್ಲಿಸಿ, ಇನ್ನೂ ಇದೆ ಅಂತ ಅವರಿಗೆ ಗೊತ್ತಾಗುತ್ತದೆ. ಅಥವಾ ಶುರುವಿನಲ್ಲೇ "ಎರಡು ವಿಷಯ ಇದೆ" ಅಂದುಬಿಡಿ. ಎರಡನೆಯದು ಬರುವವರೆಗೆ ಸಾಮಾನ್ಯವಾಗಿ ಕಾಯುತ್ತಾರೆ. ಆದರೂ ನಡುವೆ ಬಂದರೆ ಅವರು ಮುಗಿಸಿದ ಮೇಲೆ "ನಾನು ಹೇಳ್ತಿದ್ದ ಎರಡನೇದು" ಅಂತ ಎತ್ತಿಕೊಳ್ಳಿ.