ಸಹಾಯ ಬೇಕು: ವ್ಯಾಂಪೈರ್ ಕಥೆ ಥರದ ಸೆಂಟ್‌ಗೆ ಮಿಟ್ಟಿ ಅತ್ತರ್ ಎಲ್ಲಿ ಸಿಗತ್ತೆ?

ತುಮಕೂರಿನವ್ರು ಯಾರಾದ್ರೂ ಇದ್ರೆ ಸ್ವಲ್ಪ ಹೇಳಿ. ನನ್ ತಂಗಿಗೆ 1872ರ ಕಾರ್ಮಿಲ್ಲಾ ಅನ್ನೋ ವ್ಯಾಂಪೈರ್ ಕಾದಂಬರಿ ಅಂದ್ರೆ ಪ್ರಾಣ, ಡ್ರಾಕುಲಾಗಿಂತ 25 ವರ್ಷ ಮುಂಚಿನ ಕಥೆ ಅದು, ಅವಳ ಹುಟ್ಟಿದಬ್ಬಕ್ಕೆ ಅದೇ ಮೂಡಲ್ಲಿ ಒಂದು ಸೆಂಟ್ ಮಿಕ್ಸ್ ಮಾಡ್ಕೊಡೋಣ ಅಂತಿದೀನಿ, ಹಳೇ ಕೋಟೆ, ಗೋರಿ ಮಣ್ಣು, ಬಾಡಿದ ಗುಲಾಬಿ, ಹಂಗಿರ್ಬೇಕು. ಗುಲಾಬಿ, ಪಚೋಲಿ, ಲಾವಂಚ ಎಣ್ಣೆ ಇದೆ. ಉತ್ತರ ಪ್ರದೇಶದ ಕನೌಜ್ ಕಡೆ ಭಟ್ಟಿ ಇಳಿಸ್ತಾರಲ್ಲ ಮಿಟ್ಟಿ ಅತ್ತರ್, ಮೊದಲ ಮಳೆ ವಾಸನೆದು, ಅದು ಅಸಲಿ ಬೇಕು, ಮಂಡಿಪೇಟೆ ಕಡೆ ಸಿಗತ್ತಾ?

ಇನ್ನೊಂದು, ಸಾಂಬ್ರಾಣಿ ಎಣ್ಣೆ ಒಂದ್ ಹನಿ ಹಾಕಿದ್ರೂ ಪೂಜೆ ರೂಮ್ ಆಗೋಗತ್ತೆ 😅 ಕಥೇಲಿ ಕಾರ್ಮಿಲ್ಲಾ ಶವಯಾತ್ರೆ ಹಾಡು ಕೇಳಿದ್ರೇ ಉರ್ಕೊಳ್ಳೋಳು, ಇದಕ್ಕೆ ಓಡೇ ಹೋಗ್ತಾಳೆ. ಅದನ್ನ ತಗ್ಗಿಸೋಕೆ ಏನ್ ಸೇರಿಸ್ಬೇಕು? ರೋಲ್ ಆನ್ ಬಾಟ್ಲಿಗೆ ಜೊಜೊಬಾ ಎಣ್ಣೆ ಸಾಕಾ? ಗೊತ್ತಿರೋರು ಹೇಳ್ರಪ್ಪಾ, ಬರೋ ವಾರದೊಳಗೆ ಬೇಕು.