15 ಸಾವಿರಕ್ಕೆ ಹಳೇ ದುಬಾರಿ ಫೋನಾ, ಹೊಸ ಸಾದಾ ಫೋನಾ? ಬಳಸಿದವರು ಹೇಳಿ

ಶಿವಮೊಗ್ಗದಿಂದ ಕೇಳಿದ್ದು

ನನ್ನ ತಮ್ಮ ಈ ವರ್ಷ ಡಿಗ್ರಿಗೆ ಸೇರಿದ್ದಾನೆ, ಹಾಸ್ಟೆಲ್‌ನಲ್ಲಿದ್ದಾನೆ. ಈಗಿರುವ ಫೋನ್ ಮಧ್ಯಾಹ್ನದ ಹೊತ್ತಿಗೇ ಸ್ವಿಚ್ ಆಫ್. ನನ್ನ ಬಜೆಟ್ 15 ಸಾವಿರ, ತೀರಾ ಬೇಕಾದರೆ ಒಂದೆರಡು ಸಾವಿರ ಜಾಸ್ತಿ ಹಾಕಬಹುದು. ಈ ದುಡ್ಡಿಗೆ ಹೊಸ ಫೋನ್ ಸಿಗುತ್ತೆ, ಆದರೆ ಕ್ಯಾಮೆರಾ ಅಷ್ಟಕ್ಕಷ್ಟೇ. ರಿಫರ್ಬಿಶ್ಡ್ (ಬಳಸಿದ ಫೋನನ್ನೇ ಸರಿಮಾಡಿ ಮತ್ತೆ ಮಾರೋದು) ನೋಡಿದರೆ ಐಫೋನ್ 11, ಗ್ಯಾಲಕ್ಸಿ ಎಸ್21 ಇದೇ ಆಸುಪಾಸಿನಲ್ಲಿ ಕಾಣುತ್ತಿವೆ. ತಮ್ಮನಿಗೆ ಐಫೋನ್ ಆಸೆ. ನಮ್ಮ ಮನೆಯವರು ಮಾತ್ರ "ಹಳೇ ಫೋನಿಗೆ ದುಡ್ಡು ಹಾಕೋದು ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ" ಅಂತಾರೆ. ನಿಜವಾಗಿ ತಗೊಂಡು ಬಳಸಿದವರು ಇದ್ದರೆ ಹೇಳಿ, ತಗೊಳ್ಳಬಹುದಾ?

ಹುಬ್ಬಳ್ಳಿ ಹುಡುಗ

ಅಕ್ಕಾ, ನಾನು ರಿಫರ್ಬಿಶ್ಡ್ ಐಫೋನ್ 11 ಬಳಸ್ತಾ ಇದ್ದೀನಿ, ಈ ಉತ್ತರ ಬರೀತಿರೋದೂ ಅದರಲ್ಲೇ. 2019ರ ಸೆಪ್ಟೆಂಬರ್‌ನಲ್ಲಿ ಬಂದ ಫೋನ್ ಇದು. ಆಗ 64 ಜಿಬಿ ಮಾಡೆಲ್‌ಗೆ ಇಲ್ಲಿ 64,900 ರೂಪಾಯಿ. ಅದರ ಎ13 ಚಿಪ್ ಇವತ್ತಿಗೂ ಸುಸ್ತಾಗಿಲ್ಲ. ವಿಡಿಯೋ, ರೀಲ್ಸ್, ಯುಪಿಐ ಯಾವುದಕ್ಕೂ ತಡವರಿಸಲ್ಲ. ಹಗಲು ಬೆಳಕಿನ ಫೋಟೋ, ಅದಕ್ಕಿಂತ ಹೆಚ್ಚಾಗಿ ವಿಡಿಯೋ, 15 ಸಾವಿರದ ಹೊಸ ಫೋನಿಗಿಂತ ಚೆನ್ನಾಗೇ ಬರುತ್ತೆ.

ಆದರೆ ಎರಡು ವಿಷಯ ತಿಳಿದಿರಲಿ. ಇದರಲ್ಲಿ 5ಜಿ ಇಲ್ಲ. ಸಾಫ್ಟ್‌ವೇರ್ ಅಪ್‌ಡೇಟ್ ಆದರೆ ಬರುತ್ತೆ ಅಂತ ಯಾರಾದರೂ ಹೇಳಿದರೆ ನಂಬಬೇಡಿ, ಒಳಗೆ ನೆಟ್‌ವರ್ಕ್ ಹಿಡಿಯೋ ಚಿಪ್ಪೇ (ಮಾಡೆಮ್) 4ಜಿದು. ದಿನಕ್ಕೆ 2 ಜಿಬಿ ಅಥವಾ ಅದಕ್ಕಿಂತ ಹೆಚ್ಚಿನ ಪ್ಲಾನ್ ಹಾಕಿಸಿದವರಿಗೆ ಅನ್‌ಲಿಮಿಟೆಡ್ 5ಜಿ ಸಿಗುತ್ತೆ ಅಲ್ವಾ, ಅದು ನಿಮ್ಮ ತಮ್ಮನಿಗೆ ಸಿಗಲ್ಲ. ಹಾಸ್ಟೆಲ್‌ನಲ್ಲಿ ಇರೋನಿಗೆ ಅದು ಸಣ್ಣ ವಿಷಯ ಅಲ್ಲ. ಇನ್ನೊಂದು, 64 ಜಿಬಿ ತಗೋಬೇಡಿ. ಮೆಮೊರಿ ಕಾರ್ಡ್ ಹಾಕೋ ಜಾಗ ಇಲ್ಲ, ವಾಟ್ಸಾಪ್ ಗ್ರೂಪ್‌ಗಳ ವಿಡಿಯೋದಲ್ಲೇ ತುಂಬಿ ಹೋಗುತ್ತೆ. 128 ಸಿಕ್ಕರೆ ಮಾತ್ರ ನೋಡಿ.

ರಿಪೇರಿ ಟೇಬಲ್, ದಾವಣಗೆರೆ

ಮೊಬೈಲ್ ರಿಪೇರಿ ನನ್ನ ಕಸುಬು. ಹಾಗಾಗಿ ಸ್ವಲ್ಪ ಉದ್ದ ಬರೀತೀನಿ, ಬೇಜಾರು ಮಾಡ್ಕೋಬೇಡಿ.

ರಿಫರ್ಬಿಶ್ಡ್ ಅನ್ನೋದು ಒಂದೇ ಥರದ ಮಾಲಲ್ಲ. ಕೆಲವರು ಫೋನ್ ಬಿಚ್ಚಿ, ಮೈಕ್, ಸ್ಪೀಕರ್, ಸಿಗ್ನಲ್ ಎಲ್ಲ ಚೆಕ್ ಮಾಡಿ, ಸೊರಗಿದ ಬ್ಯಾಟರಿ ತೆಗೆದು ಹೊಸದು ಕೂರಿಸಿ ಮಾರುತ್ತಾರೆ. ಇನ್ನು ಕೆಲವರು ಒರೆಸಿ, ಟೆಂಪರ್ಡ್ ಗ್ಲಾಸ್ ಅಂಟಿಸಿ, ಹೊಸ ಬಾಕ್ಸಿಗೆ ಹಾಕಿ ಮಾರುತ್ತಾರೆ. ಬಾಕ್ಸ್ ಮೇಲೆ ಎರಡಕ್ಕೂ ಬರೆಯೋದು ಅದೇ ಹೆಸರು.

ಮೊನ್ನೆ ಒಬ್ಬ ಹುಡುಗ ದುಬಾರಿ ಮಾಡೆಲ್ ಒಂದನ್ನು ತಂದ. ತಗೊಂಡು ಹೆಚ್ಚು ದಿನ ಆಗಿಲ್ಲ, ಬೆರಳಿಟ್ಟರೆ ಲಾಕ್ ತೆಗೆಯಲ್ಲ ಅಂದ. ಬೆರಳಿನ ಸೆನ್ಸರ್ ಡಿಸ್ಪ್ಲೇ ಒಳಗೇ ಇರೋ ಫೋನ್ ಅದು. ಟೇಬಲ್ ಕೆಳಗೆ ಕತ್ತಲಲ್ಲಿ ಹಿಡಿದು ಪೂರ್ತಿ ಕಪ್ಪು ಫೋಟೋ ಒಂದನ್ನು ತೆರೆದೆ. ಆಮೊಲೆಡ್ ಡಿಸ್ಪ್ಲೇ (ಪ್ರತಿ ಚುಕ್ಕಿಯೂ ತಾನೇ ಬೆಳಗೋ ಥರದ್ದು, ಓಲೆಡ್ ಅಂತಲೂ ಅಂತಾರೆ) ಆಗಿದ್ದರೆ ಕಪ್ಪು ಜಾಗ ಆರಿ ಹೋದ ಹಾಗೆ ಕಾಣಬೇಕು. ಇದು ಬೂದು ಬಣ್ಣಕ್ಕೆ ಹೊಳೀತಿತ್ತು. ಉಗುರು ಆಡಿಸಿದರೆ ಗಾಜು ಫ್ರೇಮಿಗಿಂತ ಒಂದು ಕೂದಲೆಳೆ ಮೇಲಿದೆ. ಹಿಂದಿನ ಪ್ಯಾನೆಲ್ ಬಿಸಿ ಮಾಡಿ ಎತ್ತಿದರೆ ಅಂಚಿನಲ್ಲಿ ಕಂಪನಿಯ ಅಂಟಿನ ಪಟ್ಟಿ ಇಲ್ಲ, ಟ್ಯೂಬಿನ ಗೋಂದು ಬಳಿದಿದ್ದಾರೆ. ಹಾಕಿರೋದು ಟಿಎಫ್‌ಟಿ ಕಾಪಿ ಫೋಲ್ಡರ್, ಅಂದರೆ ಅಗ್ಗದ ನಕಲಿ ಡಿಸ್ಪ್ಲೇ. ಅದರ ಕೆಳಗೆ ಸೆನ್ಸರ್ ಕೆಲಸ ಮಾಡಲ್ಲ. ಒರಿಜಿನಲ್ ಡಿಸ್ಪ್ಲೇ ಹಾಕೋಣ ಅಂದರೆ ಅವನು ಫೋನಿಗೆ ಕೊಟ್ಟ ದುಡ್ಡಿನಲ್ಲಿ ಅರ್ಧಕ್ಕಿಂತ ಜಾಸ್ತಿ ಆಗುತ್ತೆ. ಪಾಪ, ಹಾಗೇ ತಗೊಂಡು ಹೋದ.

ಅದಕ್ಕೇ ಹೇಳೋದು, ಆಮೊಲೆಡ್ ಫೋನ್ ಆದರೆ ಕೈಗೆ ಬಂದ ದಿನವೇ ಈ ಕಪ್ಪು ಫೋಟೋ ಪರೀಕ್ಷೆ ಮಾಡಿ. ಆಮೇಲೆ ಪೂರ್ತಿ ಬಿಳಿ ಫೋಟೋ ತೆರೆಯಿರಿ. ಕೀಬೋರ್ಡಿನ ನೆರಳು ಉಳಿದಿದ್ದರೆ ಡಿಸ್ಪ್ಲೇ ದುಡಿದು ಸುಸ್ತಾಗಿದೆ ಅಂತ. ಕ್ಯಾಬ್ ಓಡಿಸುವವರ ಕೈಲಿದ್ದ ಫೋನ್ ಆದರೆ ಮ್ಯಾಪಿನ ಮೇಲಿನ ಪಟ್ಟಿ ಅಚ್ಚೊತ್ತಿರುತ್ತೆ. (ನಾನು ನೋಡಿದ ಒಂದರಲ್ಲಿ ಆಪ್ ಹೆಸರನ್ನೇ ಓದಬಹುದಿತ್ತು!)

ಐಫೋನ್ ಆದರೆ ಕೆಲಸ ಸುಲಭ. ಸೆಟ್ಟಿಂಗ್ಸ್‌ನಲ್ಲಿ ಜನರಲ್, ಅದರಲ್ಲಿ ಅಬೌಟ್. 11ರಲ್ಲಿ ಬ್ಯಾಟರಿ, ಡಿಸ್ಪ್ಲೇ ಬದಲಾಗಿದ್ದರೆ ಅಲ್ಲೇ ತೋರಿಸುತ್ತೆ. 'ಅನ್‌ನೋನ್ ಪಾರ್ಟ್' ಅಂತಿದ್ದರೆ ಕಂಪನಿಯದಲ್ಲ. ಸುತ್ತಲಿನ ಬೆಳಕಿಗೆ ತಕ್ಕಂತೆ ಬಣ್ಣ ಹೊಂದಿಸೋ ಟ್ರೂ ಟೋನ್ ಬಟನ್ ಕಾಣದೇ ಇದ್ದರೂ ಡಿಸ್ಪ್ಲೇ ಮೇಲೆ ಅನುಮಾನ ಪಡಿ. ಬ್ಯಾಟರಿ ಹೆಲ್ತ್ (ಹೊಸದಿದ್ದಾಗಿನ ಶಕ್ತಿಯಲ್ಲಿ ಎಷ್ಟು ಪರ್ಸೆಂಟ್ ಉಳಿದಿದೆ ಅನ್ನೋದು) 100 ಅಂತ ತೋರಿಸಿದರೆ ಜನ ಖುಷಿ ಪಡ್ತಾರೆ, ನನಗೆ ಅಲ್ಲೇ ಕಣ್ಣು ಕಿರಿದಾಗುತ್ತೆ. 500 ಸಲ ಚಾರ್ಜ್ ಆದ ಮೇಲೆ 80 ಪರ್ಸೆಂಟ್ ಉಳಿಯುವ ಹಾಗೆ ಆ ಬ್ಯಾಟರಿ ಮಾಡಿರೋದು. 2019ರ ಫೋನಿನಲ್ಲಿ 100 ಅಂದರೆ ಬ್ಯಾಟರಿ ಬದಲಾಗಿದೆ, ಇಲ್ಲವೇ ಮೆಷಿನ್ ಹಾಕಿ ನಂಬರ್ ತಿದ್ದಿದ್ದಾರೆ. ಎರಡರಲ್ಲಿ ಯಾವುದು ಅಂತ ಕೇಳಿ.

ಒಮ್ಮೆ ಬಿಚ್ಚಿದ ಫೋನಿಗೆ ನೀರು ತಡೆಯೋ ಶಕ್ತಿ ಹೋಯ್ತು ಅಂತಲೇ ಲೆಕ್ಕ. ನೀರು, ಧೂಳು ತಡೆಯುತ್ತೆ ಅನ್ನೋ ಐಪಿ68 ಗುರುತು ಜಾಹೀರಾತಲ್ಲಿ ಇರುತ್ತೆ, ನಿಮ್ಮ ಮಲೆನಾಡಿನ ಮಳೆಗೆ ಅದು ಗೊತ್ತಾಗಲ್ಲ.

ಬ್ಯಾಂಕ್ ಕೌಂಟರ್

ಮೇಡಂ, ಎಲ್ಲರೂ ಫೋನಿನ ವಯಸ್ಸು ಕೇಳ್ತಾರೆ. ನಾನಾದರೆ ಅದಕ್ಕೆ ಇನ್ನೂ ಎಷ್ಟು ವರ್ಷ ಸೆಕ್ಯುರಿಟಿ ಅಪ್‌ಡೇಟ್ ಬಾಕಿ ಇದೆ ಅಂತ ಕೇಳ್ತೀನಿ. ಅಷ್ಟೇ ಆ ಫೋನಿನ ಉಳಿದ ಆಯಸ್ಸು. ಕೊಡೋ ದುಡ್ಡನ್ನು ಆ ವರ್ಷಗಳಿಗೆ ಭಾಗಿಸಿ ನೋಡಿ, ಯಾವುದು ಅಗ್ಗ ಅಂತ ತಾನಾಗೇ ತಿಳಿಯುತ್ತೆ.

ನೀವು ಹೇಳಿದ ಎಸ್21 ಬಂದಿದ್ದು 2021ರ ಜನವರಿಯಲ್ಲಿ. ಆಂಡ್ರಾಯ್ಡ್ 15ಕ್ಕೆ ಅದರ ದೊಡ್ಡ ಅಪ್‌ಡೇಟ್ ನಿಂತಿತು, ಸೆಕ್ಯುರಿಟಿಗೆ ಕೊಟ್ಟ ಮಾತು ಐದು ವರ್ಷ. ಅಂದರೆ ಅದರ ಲೆಕ್ಕ ಚುಕ್ತಾ. ಕೈಯಲ್ಲಿ ಹಿಡಿದರೆ ಚೆಂದದ ಫೋನೇ, ನಾನಾದರೆ ತಗೊಳ್ಳಲ್ಲ. ಎಸ್22 ಬಂದಿದ್ದು 2022ರ ಫೆಬ್ರವರಿ, ಐದು ವರ್ಷ ಅಂದರೆ 2027ರ ಶುರುವಿನ ತನಕ. ಎಸ್23ಕ್ಕೆ 2028ರ ತನಕ. ಎಸ್24ರಿಂದ ಏಳು ವರ್ಷ ಕೊಡ್ತಾರೆ, ಆದರೆ ಅದು ನಿಮ್ಮ ಬಜೆಟ್‌ಗೆ ಬರಲ್ಲ.

ಐಫೋನ್ 11ಕ್ಕೆ 2025ರ ಸೆಪ್ಟೆಂಬರ್‌ನಲ್ಲಿ ಬಂದ ಐಓಎಸ್ 26 ಸಿಕ್ಕಿದೆ. ಅದಕ್ಕಿಂತ ಒಂದೇ ವರ್ಷ ಹಳೆಯ ಐಫೋನ್ ಎಕ್ಸ್‌ಆರ್‌ಗೆ ಸಿಗಲಿಲ್ಲ. ಐಓಎಸ್ 26 ಸಿಕ್ಕ ಸಾಲಿನಲ್ಲಿ ಎಲ್ಲರಿಗಿಂತ ಹಿರಿಯ 11ನೇ. ಹಿರಿಯರ ಸರದಿ ಯಾವಾಗ ಬರುತ್ತೋ ಅಂತ ನೋಡ್ಕೊಂಡೇ ದುಡ್ಡು ಹಾಕಬೇಕು.

ಅಪ್‌ಡೇಟ್ ನಿಂತ ಮಾರನೇ ದಿನ ಫೋನ್ ಸಾಯಲ್ಲ, ನಿಜ. ವಾಟ್ಸಾಪ್ ಸುಮಾರು ವರ್ಷ ನಡೆಯುತ್ತೆ. 2025ರ ಮೇ ತಿಂಗಳಲ್ಲಷ್ಟೇ ಅದು ಐಫೋನ್ 6 ಕೈಬಿಟ್ಟಿದ್ದು, ಅದು 2014ರ ಫೋನ್. ಆದರೆ ಸ್ಕಾಲರ್‌ಶಿಪ್ ಬರೋ ಖಾತೆ, ಯುಪಿಐ ಎಲ್ಲ ಅದೇ ಫೋನಲ್ಲಿ ಇರುತ್ತೆ. ರಿಪೇರಿಯಾಗದ ತೂತು ಇರೋ ಫೋನಲ್ಲಿ ದುಡ್ಡಿನ ವ್ಯವಹಾರ ಬೇಡ. ಇನ್ನೊಂದು, ಹಳೇ ಆಂಡ್ರಾಯ್ಡ್‌ಗೆ "ಕಸ್ಟಮ್ ರಾಮ್ (ಕಂಪನಿಯದಲ್ಲದ, ಬೇರೆಯವರು ಮಾಡಿದ ಸಾಫ್ಟ್‌ವೇರ್) ಹಾಕಿ ಹೊಸ ಆಂಡ್ರಾಯ್ಡ್ ಮಾಡಿದ್ದೀವಿ" ಅಂದರೆ ಕೈ ಮುಗಿದು ಬನ್ನಿ. ಅದಕ್ಕಾಗಿ ಫೋನಿನ ಬೂಟ್‌ಲೋಡರ್ ಅನ್ನೋ ಒಳಗಿನ ಬೀಗ ಅನ್‌ಲಾಕ್ ಆಗಿದ್ದರೆ ಎಷ್ಟೋ ಬ್ಯಾಂಕ್ ಆಪ್‌ಗಳು ತೆರೆಯೋದೇ ಇಲ್ಲ.

ಮಂಗಳೂರಿನಿಂದ

ನನ್ನ ಅನುಭವ ಅಷ್ಟು ಚೆನ್ನಾಗಿಲ್ಲ. ಒಂದು ದುಬಾರಿ ಆಂಡ್ರಾಯ್ಡ್, ಆರು ತಿಂಗಳ ವಾರಂಟಿ ಜೊತೆ ತಗೊಂಡೆ. ಒಂದು ರಾತ್ರಿ ಸಾಫ್ಟ್‌ವೇರ್ ಅಪ್‌ಡೇಟ್ ಆಯ್ತು, ಬೆಳಿಗ್ಗೆ ನೋಡಿದರೆ ಮೇಲಿಂದ ಕೆಳಗೆ ಒಂದು ಹಸಿರು ಗೆರೆ. ಮಾರಿದವರಿಗೆ ಫೋನ್ ಮಾಡಿದರೆ ಡಿಸ್ಪ್ಲೇ ವಾರಂಟಿಗೆ ಬರಲ್ಲ ಅಂದರು. ಕಾರ್ಡಿನ ಹಿಂದೆ ಸಣ್ಣಕ್ಷರದಲ್ಲಿ ಬರೆದಿದ್ದಾರಂತೆ. ಈ ಹಸಿರು ಗೆರೆ ಹಳೇ ಆಮೊಲೆಡ್ ಫೋನುಗಳಲ್ಲಿ ಸುಮಾರು ಜನರಿಗೆ ಬಂದಿದೆ. ಗೆರೆ ಜೊತೆಗೇ ಬಳಸ್ತಾ ಇದ್ದೀನಿ, ಏನು ಮಾಡೋದು. ವಾರಂಟಿ ಎಷ್ಟು ತಿಂಗಳು ಅಂತ ಕೇಳೋ ಜೊತೆಗೆ ಯಾವುದಕ್ಕೆ ಅಂತ ಕೇಳಿ.

ಸ್ಯಾನ್ ಹೊಸೆ ಕನ್ನಡಿಗ

ಯಾರಾದರೂ "ಅಮೆರಿಕದಿಂದ ತರಿಸ್ತೀನಿ, ಅಲ್ಲಿ ಅಗ್ಗ" ಅಂದರೆ ಸ್ವಲ್ಪ ತಡೀರಿ. ಇಲ್ಲಿ ಆ್ಯಪಲ್ ತಾನೇ ರಿಫರ್ಬಿಶ್ ಮಾಡಿ, ಒಂದು ವರ್ಷ ವಾರಂಟಿ ಕೊಟ್ಟು ಮಾರುತ್ತೆ, ಅದು ಒಳ್ಳೆಯದೇ. ಭಾರತಕ್ಕೆ ಬಳಸಿದ ಐಫೋನ್ ತಂದು ಮಾರೋಕೆ 2016ರಲ್ಲಿ ಅನುಮತಿ ಕೇಳಿದ್ದರು, ಸರ್ಕಾರ ಒಪ್ಪಲಿಲ್ಲ. ಹಾಗಾಗಿ ಅಲ್ಲಿ ಸಿಗೋದು ಬೇರೆಯವರು ರಿಫರ್ಬಿಶ್ ಮಾಡಿದ್ದು.

ಆದರೆ ಇಲ್ಲಿಂದ ತರಿಸೋದರಲ್ಲಿ ಎರಡು ಎಡವಟ್ಟು. ಅಗ್ಗಕ್ಕೆ ಸಿಗೋ ಎಷ್ಟೋ ಫೋನು ಇಲ್ಲಿನ ನೆಟ್‌ವರ್ಕ್ ಕಂಪನಿಗೆ ಲಾಕ್ ಆಗಿರುತ್ತವೆ, ಊರಿಗೆ ಬಂದರೆ ಸಿಮ್ ಒಪ್ಪಲ್ಲ. ಐಫೋನ್ 14ರಿಂದ ಮುಂದೆ ಅಮೆರಿಕದ ಮಾಡೆಲ್‌ನಲ್ಲಿ ಸಿಮ್ ಹಾಕೋ ಟ್ರೇನೇ ಇಲ್ಲ, ಬರೀ ಇ-ಸಿಮ್ (ಫೋನಿನ ಒಳಗೇ ಇರೋ, ಕಾರ್ಡ್ ಇಲ್ಲದ ಸಿಮ್). ನಮ್ಮ ಅತ್ತೆಗೆ ಅಂತ ಒಂದು ಕಳಿಸಿದ್ದೆವು. ಅವರು ಫೋನಿನ ನಾಲ್ಕೂ ಕಡೆ ತಿರುಗಿಸಿ ನೋಡಿ "ಇದಕ್ಕೆ ಬಾಯೇ ಇಲ್ಲವಲ್ಲೋ" ಅಂದರು. ಜಪಾನ್, ಕೊರಿಯಾ ಮಾಡೆಲ್ ಬಂದರೆ ಫೋಟೋ ತೆಗೆಯೋ ಸದ್ದು ಮ್ಯೂಟ್ ಮಾಡಿದರೂ ನಿಲ್ಲದೇ ಇರಬಹುದು, ಅದೊಂದು ತಮಾಷೆ.

ಮೆಜೆಸ್ಟಿಕ್ ಕಂಡವನು

ಬೆಂಗಳೂರಿನ ಎಸ್‌ಪಿ ರೋಡ್, ನ್ಯಾಷನಲ್ ಮಾರ್ಕೆಟ್ ಕಡೆ ಒಳ್ಳೆ ಅಂಗಡಿಗಳೂ ಇವೆ, ಬಿಲ್ ಕೇಳಿದರೆ ಮುಖ ಆ ಕಡೆ ತಿರುಗಿಸೋರೂ ಇದ್ದಾರೆ. ಎಲ್ಲಿ ತಗೊಂಡರೂ ದುಡ್ಡು ಕೊಡುವ ಮೊದಲು *#06# ಒತ್ತಿ. 15 ಅಂಕಿಯ ಐಎಂಇಐ ನಂಬರ್ (ಒಂದೊಂದು ಫೋನಿಗೂ ಇರೋ ಬೇರೆ ಬೇರೆ ಗುರುತಿನ ನಂಬರ್) ಬರುತ್ತೆ. ಇಂಗ್ಲಿಷಿನಲ್ಲಿ ಕೆವೈಎಂ ಅಂತ ಟೈಪ್ ಮಾಡಿ, ಜಾಗ ಬಿಟ್ಟು ಆ ನಂಬರ್ ಹಾಕಿ 14422ಕ್ಕೆ ಎಸ್‌ಎಂಎಸ್ ಕಳಿಸಿ. ಸರ್ಕಾರದ ಸಂಚಾರ್ ಸಾಥಿ ಆಪ್‌ನಲ್ಲೂ ನೋಡಬಹುದು. ಬ್ಲಾಕ್ ಆಗಿದ್ದರೆ ಗೊತ್ತಾಗುತ್ತೆ.

ಇದನ್ನ ಯಾಕೆ ಒತ್ತಿ ಹೇಳ್ತೀನಿ ಅಂದರೆ, ನಮ್ಮ ಪಕ್ಕದ ಮನೆಯವರು ಬಿಲ್ ಇಲ್ಲದೆ ಒಂದು ಫೋನ್ ತಂದರು. ಯಾರೋ ಕಳೆದುಕೊಂಡು ಸಿಇಐಆರ್‌ನಲ್ಲಿ (ಕಳೆದ ಫೋನ್ ಬ್ಲಾಕ್ ಮಾಡಿಸೋ ಸರ್ಕಾರದ ವ್ಯವಸ್ಥೆ) ದೂರು ಕೊಟ್ಟಿದ್ದ ಫೋನ್ ಅದು. ಇವರು ತಮ್ಮ ಸಿಮ್ ಹಾಕಿದ್ದೇ ತಡ, ಸುಳಿವು ಪೊಲೀಸರಿಗೆ ಹೋಯ್ತು. ಠಾಣೆಯಿಂದ ಕರೆ ಬಂತು, ಫೋನ್ ವಾಪಸ್ ಕೊಟ್ಟು ಬಂದರು. ದುಡ್ಡು ಮಾತ್ರ ವಾಪಸ್ ಬರಲಿಲ್ಲ.

ಇಎಂಐ ಬಾಕಿ ಇರೋ ಫೋನ್ ಇನ್ನೊಂದು ತಲೆನೋವು. ಮೊದಲ ಮಾಲೀಕ ಕಂತು ಕಟ್ಟೋದು ನಿಲ್ಲಿಸಿದರೆ ಸಾಲ ಕೊಟ್ಟವರು ದೂರದಿಂದಲೇ ಫೋನ್ ಲಾಕ್ ಮಾಡಿಬಿಡಬಹುದು. ಅಂಗಡಿಯಲ್ಲಿ ನಿಮ್ಮ ಎದುರೇ ಪೂರ್ತಿ ರೀಸೆಟ್ ಮಾಡಿಸಿ, ನೆಟ್ ಹಾಕಿ ಶುರುವಿಂದ ಸೆಟಪ್ ಮಾಡಿಸಿ. ಹಳೇ ಜಿಮೇಲ್ ಅಥವಾ ಆ್ಯಪಲ್ ಐಡಿ ಕೇಳಿದರೆ ಅಲ್ಲೇ ಬಿಟ್ಟು ಬನ್ನಿ.

ಪಿಕ್ಸೆಲ್ ಪ್ರೇಮಿ

ಕ್ಯಾಮೆರಾಗೋಸ್ಕರ ಗೂಗಲ್‌ನ ಪಿಕ್ಸೆಲ್ 6ಎ ನೋಡಿ ಅಂತ ಯಾರೂ ಹೇಳಿಲ್ಲವಲ್ಲ! 5ಜಿ ಇದೆ, ಸೆಕ್ಯುರಿಟಿ ಅಪ್‌ಡೇಟ್ 2027ರ ಜುಲೈ ತನಕ ಇದೆ. ಆದರೆ ಇದನ್ನೂ ಹೇಳಿಬಿಡ್ತೀನಿ, ಕೆಲವು 6ಎ ವಿಪರೀತ ಬಿಸಿಯಾಗಿ 2025ರ ಜುಲೈಯಲ್ಲಿ ಗೂಗಲ್ ಕಡ್ಡಾಯ ಅಪ್‌ಡೇಟ್ ಕಳಿಸಿತು. 400 ಸಲ ಚಾರ್ಜ್ ದಾಟಿದ ಫೋನುಗಳಲ್ಲಿ ಬ್ಯಾಟರಿಯ ಶಕ್ತಿ, ಚಾರ್ಜ್ ಆಗುವ ವೇಗ ಎರಡನ್ನೂ ಇಳಿಸಿದೆ. ಹೊಸ ಬ್ಯಾಟರಿ ಹಾಕಿಸಿದ ದಾಖಲೆ ಇದ್ದರೆ ಮಾತ್ರ ತಗೊಳ್ಳಿ.

ಶಿವಮೊಗ್ಗದಿಂದ

ಇಷ್ಟು ಜನ ಬರೀತೀರಿ ಅಂದ್ಕೊಂಡಿರಲಿಲ್ಲ. ಎಸ್21 ಬಿಟ್ಟೆ. ತಮ್ಮನನ್ನ ಕೇಳಿದೆ, ಹಾಸ್ಟೆಲ್ ವೈಫೈ ರಾತ್ರಿ ಹತ್ತಕ್ಕೆ ಆಫ್ ಮಾಡ್ತಾರಂತೆ, ಹಾಗಾಗಿ 5ಜಿ ಬೇಕೇ ಬೇಕು. ಐಫೋನ್ 11 ಆಸೆ ಅಲ್ಲಿಗೆ ಮುಗೀತು, ಮುಖ ಊದಿಸ್ಕೊಂಡಿದ್ದಾನೆ. 12ರಲ್ಲಿ 5ಜಿ ಇದೆ ಅಂತ ಈಗ ಅದರ ಹಿಂದೆ ಬಿದ್ದಿದ್ದಾನೆ. ಎರಡು ಸಾವಿರ ಜಾಸ್ತಿ ಹಾಕಿದರೆ 12 ಸಿಗಬಹುದು, ಆದರೆ ಬ್ಯಾಟರಿ ಹೆಲ್ತ್ 79 ಅಂತ ಹಾಕಿದ್ದಾರೆ. ತಗೊಂಡು ಬ್ಯಾಟರಿ ಬದಲಿಸಿದರೆ ಸಾಕಾ?

ರಿಪೇರಿ ಟೇಬಲ್, ದಾವಣಗೆರೆ

ಸಾಕು ಅಕ್ಕಾ. ನನ್ನ ಕೇಳಿದರೆ ಸುಮ್ನೆ 100 ತೋರಿಸೋದಕ್ಕಿಂತ 79 ಅಂತ ಇರೋದನ್ನು ಇದ್ದ ಹಾಗೆ ಹೇಳಿದವರೇ ವಾಸಿ. 12 ಬಂದಿದ್ದು 2020ರ ಅಕ್ಟೋಬರ್, 11ಕ್ಕಿಂತ ಒಂದು ವರ್ಷ ಹೊಸದು, ಡಿಸ್ಪ್ಲೇನೂ ಓಲೆಡ್. ಆದರೆ ಬ್ಯಾಟರಿ ಖರ್ಚನ್ನು ಫೋನಿನ ಬೆಲೆಗೆ ಈಗಲೇ ಸೇರಿಸಿ, ಸರ್ವಿಸ್ ಸೆಂಟರ್‌ನಲ್ಲಿ ಎಷ್ಟಾಗುತ್ತೆ ಅಂತ ಕೇಳಿಕೊಂಡೇ ಚೌಕಾಸಿ ಮಾಡಿ. ಸೇರಿಸಿದ ಮೇಲೆ ಬಜೆಟ್ ದಾಟಿದರೆ ತಮ್ಮನ ಮುಖ ನೋಡಬೇಡಿ, ಮೂರ್ನಾಲ್ಕು ವರ್ಷ ಅಪ್‌ಡೇಟ್ ಕೊಡೋ ಹೊಸ 5ಜಿ ಫೋನೇ ತಗೊಂಡುಬಿಡಿ.

ಬಿಲ್‌ನಲ್ಲಿ ಐಎಂಇಐ ನಂಬರ್ ಬರೆಸಿ. ಅಂಗಡಿ ಹೆಸರಿನ ಚೀಟಿ ಸಾಲದು, ಜಿಎಸ್‌ಟಿ ನಂಬರ್ ಇರೋ ಬಿಲ್ಲೇ ಬೇಕು. ಚಾರ್ಜರ್ ಬಾಕ್ಸ್‌ನಲ್ಲಿ ಬರಲ್ಲ, ಅದನ್ನೂ ಲೆಕ್ಕಕ್ಕೆ ಹಿಡಿಯಿರಿ.