1861ರ ಪೊಲೀಸ್ ಕಾಯ್ದೆ: ಅದು ಯಾರಿಗಾಗಿ ಬಂತು?

ಹಳೇಕಡತ: ಬ್ರಿಟಿಷರು ನಮಗೆ ಶಿಸ್ತಿನ ಪೊಲೀಸ್ ಕೊಟ್ಟು ಹೋದರು ಅನ್ನುವ ಮಾತು ಆಗಾಗ ಕೇಳುತ್ತೇನೆ. ನಾನು ಒಪ್ಪುವುದಿಲ್ಲ. ಲಂಡನ್ನಿನಲ್ಲಿ 1829ರಿಂದಲೂ ಪೇದೆ ಬಂದೂಕಿಲ್ಲದೆ ಬೀದಿ ಸುತ್ತುತ್ತಿದ್ದ. ಆದರೆ 1843ರಲ್ಲಿ ಸಿಂಧ್ ಗೆದ್ದ ಬ್ರಿಟಿಷ್ ಸೇನಾಪತಿ ನೇಪಿಯರ್ ಅಲ್ಲಿಗೆ ತಂದಿದ್ದು ಐರ್ಲೆಂಡಿನ ಮಾದರಿ, ಅಂದರೆ ಜನರನ್ನು ಹದ್ದುಬಸ್ತಿನಲ್ಲಿಡುವ ಸಶಸ್ತ್ರ ಪಡೆ. 1857ರ ದಂಗೆ ಮುಗಿದ ಮೇಲೆ 1861ರ ಕಾಯ್ದೆಯ ಮೂಲಕ ಅದೇ ದೇಶದ ಬಹುಭಾಗಕ್ಕೆ ಹಬ್ಬಿತು.

ಬಳ್ಳಾರಿಯವ: ಸ್ವಲ್ಪ ತಡೀರಿ ಸರ್. ಅದಕ್ಕೂ ಮುಂಚೆ ಏನಿತ್ತು ನೋಡಿ. ಮದ್ರಾಸ್ ಪ್ರಾಂತ್ಯದಲ್ಲಿ ಕಂಪನಿ ಅಧಿಕಾರಿ ಮನ್ರೋ ಸಾಹೇಬರ 1816ರ ಏರ್ಪಾಡಿನಲ್ಲಿ ತಹಶೀಲ್ದಾರನಿಗೆ ಕಂದಾಯವೂ ಪೊಲೀಸೂ ಎರಡೂ ಸೇರಿದ್ದವು. ದುಡ್ಡು ಕೇಳುವವನೇ ಹೊಡೆಯುವವನು. ಕಂದಾಯ ಕಟ್ಟದ ರೈತನ ಬೆರಳನ್ನು ಕಿಟ್ಟಿಯಲ್ಲಿ, ಅಂದರೆ ಮರದ ಇಕ್ಕಳದಲ್ಲಿ, ಸಿಕ್ಕಿಸಿ ಹಿಂಡುತ್ತಿದ್ದರು. 1855ರಲ್ಲಿ ಮದ್ರಾಸಿನ ಆಯೋಗವೇ ಈ ಹಿಂಸೆ ನಿಜ ಅಂತ ಒಪ್ಪಿಕೊಂಡಿತು. 1859ರಲ್ಲಿ ಅಲ್ಲಿ ಪೊಲೀಸನ್ನು ಕಂದಾಯದಿಂದ ಬೇರೆ ಮಾಡಿದರು. ನಮ್ಮ ಬಳ್ಳಾರಿ, ಮಂಗಳೂರು ಆಗ ಆ ಪ್ರಾಂತ್ಯದಲ್ಲೇ ಇದ್ದವು. ಇದು ಸಣ್ಣ ಲಾಭವಲ್ಲ.

ಹಳೇಕಡತ: ಹೊಡೆತದ ವಿಷಯ ನಿಜ, ಒಪ್ಪಿದೆ. ಆದರೆ 1861ರ ಕಾಯ್ದೆಯ 4ನೇ ಕಲಂ ಓದಿ. ಸೂಪರಿಂಟೆಂಡೆಂಟ್ ಮತ್ತೆ ಜಿಲ್ಲಾ ಮ್ಯಾಜಿಸ್ಟ್ರೇಟರ ಕೈಕೆಳಗೆ. ಆ ಮ್ಯಾಜಿಸ್ಟ್ರೇಟ್ ಯಾರು? ಕಂದಾಯ ವಸೂಲಿ ಮಾಡುವ ಕಲೆಕ್ಟರೇ ಅಲ್ವಾ? ಕೆಳಗೆ ಬಿಡಿಸಿದ ಗಂಟನ್ನು ಮೇಲೆ ಕಟ್ಟಿದರು. 15ನೇ ಕಲಂ ಇನ್ನೂ ಕಟು. ಊರಲ್ಲಿ ಗಲಾಟೆ ಆದರೆ ಹೆಚ್ಚಿನ ಪೊಲೀಸ್ ಹಾಕಿ, ಖರ್ಚನ್ನು ಆ ಊರವರಿಂದಲೇ ವಸೂಲಿ ಮಾಡಬಹುದಿತ್ತು.

ತುಮಕೂರಕ್ಕ: ತಳವಾರ, ತೋಟಿಗಳ ಗತಿ ಏನಾಯಿತು?

ಬಳ್ಳಾರಿಯವ: ಅಕ್ಕಾ, ಊರಿನ ವಂಶಪಾರಂಪರ್ಯ ಕಾವಲುಗಾರರನ್ನು ಈ ಕಾಯ್ದೆ ಮುಟ್ಟಲಿಲ್ಲ. 21ನೇ ಕಲಂ ಅವರನ್ನು ಹೊರಗಿಟ್ಟಿತು.

ಪೇದೆಮಗಳು: ನೀವಿಬ್ಬರೂ ಕಲಂಗಳ ಬಗ್ಗೆ ಮಾತಾಡುತ್ತಿದ್ದೀರಿ. ಆ ಪಡೆಯಲ್ಲಿ ಇದ್ದವರು ಯಾರು ಅಂತಲೂ ಕೇಳಬೇಕು. 1893ರಿಂದ ಮೇಲಿನ ಹುದ್ದೆಗೆ ಪರೀಕ್ಷೆ ಲಂಡನ್ನಿನಲ್ಲಿ, ಬರೆಯುವವರು ಬಿಳಿಯರು ಮಾತ್ರ. ನಮ್ಮವರು ಎಷ್ಟೇ ದುಡಿದರೂ ಸಾಮಾನ್ಯವಾಗಿ ಇನ್‌ಸ್ಪೆಕ್ಟರ್‌ಗೇ ನಿಲ್ಲಬೇಕಿತ್ತು. ಪೇದೆಗೆ ತಿಂಗಳಿಗೆ ಕನಿಷ್ಠ 8 ರೂಪಾಯಿಯಾದರೂ ಕೊಡಿ ಅಂತ 1902-03ರ ಪೊಲೀಸ್ ಸುಧಾರಣೆಯ ಫ್ರೇಸರ್ ಆಯೋಗ ಹೇಳಬೇಕಾಯಿತು. ಹೊಟ್ಟೆಗೆ ಸಾಲದಷ್ಟು ಕೊಟ್ಟು, ಯಾರನ್ನಾದರೂ ಹಿಡಿಯುವ ಅಧಿಕಾರ ಕೊಟ್ಟರೆ ಲಂಚ ಹುಟ್ಟದೆ ಇನ್ನೇನು?

ಬಳ್ಳಾರಿಯವ: ಈ ಮಾತಿಗೆ ನನ್ನಲ್ಲಿ ಉತ್ತರವಿಲ್ಲ. ಪಡೆಯನ್ನು ಬೇರೆ ಮಾಡಿದ್ದು ಒಳ್ಳೆಯದು ಅಂತ ಈಗಲೂ ಅನ್ನುತ್ತೇನೆ. ಆದರೆ ಅದನ್ನು ಹೊತ್ತವರನ್ನು ಯಾರೂ ಕೇಳಲಿಲ್ಲ.

ಪೇದೆಮಗಳು: 22ನೇ ಕಲಂ ಪ್ರಕಾರ ಪೊಲೀಸ್ ಅಂದರೆ ಸದಾ ಡ್ಯೂಟಿಯಲ್ಲಿ ಇರುವವನು. ನಮ್ಮ ರಾಜ್ಯಕ್ಕೆ ಆಮೇಲೆ 1963ರ ಹೊಸ ಪೊಲೀಸ್ ಕಾಯ್ದೆ ಬಂತು. ಆದರೂ ನಮ್ಮಪ್ಪ ಯುಗಾದಿಗೆ ಮನೆಯಲ್ಲಿ ಕೂತು ಉಂಡಿದ್ದನ್ನು ನಾನು ನೋಡಿದ್ದು ಎರಡೇ ಸಲ.